ಗಂಟಿಲ್ಲದ ಸೆರಗು

ಕೆಚ್ಚಿದ ಎಳೆ, ಅಂದರೆ ತುದಿಗೆ ತುದಿ ಹೊಸೆದು ಸೇರಿಸಿದ್ದು, ಬಟ್ಟೆಯೊಳಗೆ ನಿಲ್ಲೋದಿಲ್ಲ ಅಂತ ನನಗೆ ಹೇಳಿದವರು ಕಡಿಮೆ ಅಂದರೂ ಏಳೆಂಟು ಮಂದಿ. ಅದರಲ್ಲಿ ಇಬ್ಬರು ನನಗಿಂತ ಹಿರಿಯ ನೇಕಾರರು, ಒಬ್ಬರು ನಮ್ಮ ಮಾಲಕರು, ಒಬ್ಬಾಕೆ ನನ್ನ ಹಡೆದವ್ವ. ಕಳೆದ ಬನದ ಹುಣ್ಣಿಮೆಗೆ ನಮ್ಮಾಕಿ ಅಂಥ ಎಳೆಯಿಂದಲೇ ನಾನು ನೇಯ್ದ ಸೆರಗು ಹೊತ್ತು ಬನಶಂಕರಿ ಗುಡಿ ಸುತ್ತು ಹಾಕಿ ಬಂದ ಮೇಲೆ ಇವರ ಪೈಕಿ ಯಾರೂ ಆ ಮಾತು ಎತ್ತಿಲ್ಲ. "ಹೆಂಗ ಮಾಡಿದ್ಯೋ?" ಅಂತ ಕೇಳೋಕೆ ಮಾತ್ರ ಬರುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ನೊಂದಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಮಗ್ಗದ ಮೇಲೆ ಕೂತವರಿಗೆ ಅಂತಲೇ ಬರೆಯೋದು. ಕೊಂಡಿ ಅಂದರೇನು, ತೋಪುತೆನೆ ಸೆರಗು ಅಂದರೇನು ಅಂತ ಬಿಡಿಸಿ ಹೇಳೋದಿಲ್ಲ. ಇಳಕಲ್‌ನಲ್ಲಿ ಹುಟ್ಟಿದ ಹುಡುಗರಿಗೂ ಅದು ಗೊತ್ತು. ಹೊರಗಿನವರಿಗೆ ಒಂದೇ ಮಾತು: ಕೊಂಡಿ ಅಂದರೆ ಒಡಲಿನ ಎಳೆಗೂ ಸೆರಗಿನ ಎಳೆಗೂ ಹಾಕುವ ಕುಣಿಕೆ, ತೋಪುತೆನೆ ಅಂದರೆ ಕೆಂಪು ಬಿಳಿ ಪಟ್ಟಿಯ ನಮ್ಮ ಸೆರಗು.

ನಮ್ಮ ಮದುವೆಯಾಗಿ 16 ವರ್ಷ. ಮದುವೆಯ ಸೀರೆ ಚಮಕಾ, ಅಂದರೆ ಆರ್ಟ್ ಸಿಲ್ಕ್ ಸೆರಗಿನದು. ನೇಕಾರನ ಹೆಂಡತಿ ಚಮಕಾ ಉಟ್ಟು ತಾಳಿ ಕಟ್ಟಿಸಿಕೊಂಡಳಲ್ಲ ಅನ್ನೋದು ನನಗೆ ಅವತ್ತೇ ಚುಚ್ಚಿತ್ತು. ಮೊದಲ ಪಂಚಮಿಗೆ ತವರಿಗೆ ಕಳಿಸುವಾಗ, "ಮುಂದಿನ ಪಂಚಮಿಗೆ ಖರೇ ರೇಷ್ಮಿ ಸೆರಗಿನ ಚಂದ್ರಕಾಳಿ ಕರೀ ಸೀರಿ ಉಡಸ್ತೇನಿ" ಅಂತ ಹೇಳಿದ್ದೆ. ಆಕೆ ನಕ್ಕು ಬಸ್ಸು ಹತ್ತಿದಳು. ಆ ಮೇಲೆ ಒಂದು ದಿನವೂ ಆ ಮಾತು ತೆಗೆದಿಲ್ಲ. ತೆಗೆದಿದ್ದರೆ ಚಲೋ ಇತ್ತು. ಮಂದಿ ಸೀರೆಗೆ ಆಕೆ ಹಾಕಿದ ಕೊಂಡಿ ಎಷ್ಟು ಲಕ್ಷವೋ ಲೆಕ್ಕವಿಲ್ಲ. ಎಲ್ಲಾ ಸೆರಗೂ ಆಕೆಯ ಬೆರಳ ಸಂದಿಯಲ್ಲೇ ಹಾದು ಬೇರೆಯವರ ಹೆಗಲಿಗೆ ಹೋದವು.

ದುಡ್ಡಿನ ಮಾತು ಮೊದಲು ಹೇಳಿಬಿಡುತ್ತೇನೆ, ಯಾಕಂದರೆ ಎಲ್ಲರೂ ಇಲ್ಲೇ ಹಿಡಿಯುತ್ತಾರೆ. ಸೆರಗಿಗೆ ಬೇಕಾಗೋ ರೇಷ್ಮೆ ಏನು ಮಹಾ? ನಾಲ್ಕೈದು ನೂರು ರೂಪಾಯಿ. ಅಷ್ಟಕ್ಕೆ ಇಷ್ಟು ಒದ್ದಾಟವೇ ಅಂತ. ಸ್ವಾಮಿ, ನಾನು ಮಜೂರಿ ನೇಕಾರ. ಸೀರೆಗೆ ಆರ್ನೂರು ಚಿಲ್ಲರೆ ಕೂಲಿ, ವಾರಕ್ಕೆ ಎರಡು ಇಳಿದರೆ ದೊಡ್ಡದು, ಮೂರು ಇಳಿದರೆ ಹಬ್ಬ. ನೂಲಿನ ಅಂಗಡಿಯವರು ನೂರು ಗ್ರಾಂ ಕೊಡೋದಿಲ್ಲ, ಬಣ್ಣದವರು ಕಿಲೋಕ್ಕೆ ಕಡಿಮೆ ಹಂಡೆಗೆ ಇಳಿಸೋದಿಲ್ಲ. ಅದೂ ಇರಲಿ. ದುಡ್ಡು ಕೂಡಿಸಿದ್ದೆ, ಒಂದಲ್ಲ ಮೂರು ಸಲ. 2019ರಲ್ಲಿ ಹದಿನೆಂಟು ನೂರು ಆಗಿತ್ತು. ಶ್ರಾವಣದಲ್ಲಿ ಮಲಪ್ರಭೆ ಉಕ್ಕಿ ತಂಗಿ ಮನೆಯೊಳಗೆ ಎದೆಮಟ ನೀರು ಬಂತು. ಅಲ್ಲಿಗೆ ಹೋಯಿತು. ಮರುವರ್ಷ ಎರಡು ಸಾವಿರದ ಹತ್ತಿರ ಬಂದಿತ್ತು, ಲಾಕ್‌ಡೌನ್ ಬಂತು, ಮಗ್ಗ ನಿಂತಿತು, ಸೀರೆ ಕೇಳುವವರೇ ಇಲ್ಲ. ಅಷ್ಟೂ ಜೋಳವಾಗಿ ಹೊಟ್ಟೆ ಸೇರಿತು. ಮೂರನೇ ಸಲದ್ದು ಅವ್ವನ ಕಣ್ಣಿಗೆ. ಇವುಗಳಲ್ಲಿ ಯಾವುದನ್ನೂ ತಪ್ಪು ಅನ್ನೋಹಂಗಿಲ್ಲ. ಬಡವನ ಮನೆಯ ದುಡ್ಡು ತಂಬಿಗೆಯ ನೀರು ಇದ್ದಹಾಗೆ, ಯಾರಿಗೆ ನೀರಡಿಕೆ ಆಗುತ್ತದೋ ಅವರು ಎತ್ತಿ ಕುಡಿಯುತ್ತಾರೆ.

ಮೂರನೇ ಸಲ ದುಡ್ಡು ಹೋದ ಮೇಲೆ ಒಂದು ರಾತ್ರಿ ಮಗ್ಗದ ಕುಣಿಯೊಳಗೆ ಕಾಲು ಬಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಕಾಲಿಗೆ ತುಂಡೆಳೆ ಸಿಕ್ಕವು. ಮುಂದಿನ ಹಾಸು, ಅಂದರೆ ಮಗ್ಗದ ಉದ್ದೆಳೆ, ಕೆಚ್ಚಿ ಎಳೆದುಕೊಂಡ ಮೇಲೆ ಹಳೇ ಹಾಸಿನದು ಒಂದೂವರೆ ಗೇಣು ಮುಂದೆ ಬಂದು ಕಸವಾಗುತ್ತದಲ್ಲ, ಅದೇ. ಕೆಚ್ಚಿನ ತುದಿ ಕತ್ತರಿಸಿ ಬಿಟ್ಟರೆ ಚೊಕ್ಕ 13 ಇಂಚು ರೇಷ್ಮೆ. ಆಗ ತಲೆಗೆ ಹೊಳೆಯಿತು. ದುಡ್ಡನ್ನು ಎಲ್ಲರೂ ಕೇಳುತ್ತಾರೆ, ತುಂಡೆಳೆಯನ್ನು ಯಾರೂ ಕೈಗಡ ಕೇಳೋದಿಲ್ಲ. ಎಷ್ಟು ಕೂಡಿಟ್ಟರೂ ಅದು ಹೊಳೆ ಬಂದಾಗ ಕೆಲಸಕ್ಕೆ ಬರೋದಿಲ್ಲ, ಆಸ್ಪತ್ರೆಗೆ ಕೆಲಸಕ್ಕೆ ಬರೋದಿಲ್ಲ. ಹಂಗಾಗಿ ಉಳಿಯುತ್ತದೆ.

ಮಾಲಕರ ನೂಲು ಅದು, ಕೇಳದೆ ಮುಟ್ಟಬಾರದು. ಕೇಳಿದೆ. "ಒಯ್ಯೋ ಮಾರಾಯಾ, ಕರಾ ಕಟ್ಟಾಕ ಬರ್ತೈತಿ" ಅಂದರು. ಯಾಕೆ ಅಂತ ಹೇಳಿದಾಗ ಮಾತ್ರ ನಗು ನಿಂತಿತು. "ಕೆಚ್ಚು ಅನ್ನೂದು ಎಳಕೊಂಡ್ ಬರಾಕ. ಬಟ್ಟ್ಯಾಗ ಬಿಡಾಕಲ್ಲ. ನಿನಗ ಯಾರ ಹೇಳಬೇಕು?" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮಪ್ಪನೂ ಅದನ್ನೇ ಹೇಳುತ್ತಿದ್ದ.

ಲೆಕ್ಕ ಹೀಗೆ: ಸೆರಗು 20 ಇಂಚು ಸಾಕು. ಎರಡು ತುಂಡು ಸೇರಿಸಿದರೆ ಒಂದು ಎಳೆ. ಹಿಂದೆ ಮಗ್ಗದಲ್ಲಿ ಉಳಿಯೋ ಭಾಗಕ್ಕೆ ರೇಷ್ಮೆ ಯಾಕೆ ಬೇಕು, ಹತ್ತಿ ನೂಲಿನ ಬಾಲ ಕಟ್ಟಿದರಾಯಿತು. ಈ ಬಾಲದ ಉಪಾಯ ನನ್ನದೇ, ಈಗ ಇಬ್ಬರು ಮೂವರು ತಮ್ಮದು ಅಂತ ಹೇಳಿಕೊಂಡು ಅಡ್ಡಾಡುತ್ತಿದ್ದಾರೆ, ಇರಲಿ. ಒಟ್ಟು ಎಳೆ ಎರಡು ಸಾವಿರದ ನಾನೂರೋ ಐನೂರೋ. ಅಂದರೆ ಅಷ್ಟೇ ಜೋಡಣೆ. ನನಗೆ ಬರೋ ಸೀರೆಯಲ್ಲಿ ಹತ್ತಕ್ಕೆ ಒಂಬತ್ತು ಚಮಕಾ, ಖರೇ ರೇಷ್ಮೆ ಸೆರಗು ತಿಂಗಳಿಗೆ ಒಂದು ಬಂದರೆ ಬಂತು. ಯುಗಾದಿಯಿಂದ ಕೂಡಿಸುತ್ತಾ ದಸರೆ ಹೊತ್ತಿಗೆ ಆರೋ ಏಳೋ ಸೀರೆಯ ತುಂಡು ಆಗಿದ್ದವು. ಎಣ್ಣೆ ಡಬ್ಬಿಯೊಳಗೆ ಹಾಕಿ ಗೆಳೆಯನ ಮನೆಯಲ್ಲಿ ಇಟ್ಟಿದ್ದೆ. ಅವನು ಮಗ್ಗ ಬಿಟ್ಟು ಗ್ರಾನೈಟ್ ಪಾಲಿಶ್‌ಗೆ ಹೋದವನು, ಮನೆ ಕೀಲಿ ನನ್ನ ಹತ್ತಿರ ಇತ್ತು. ರಾತ್ರಿ ಊಟವಾದ ಮೇಲೆ, "ಗುಡಿಕಡೆ ಹೋಗಿ ಬರ್ತೇನಿ" ಅಂತ ಹೇಳಿ ಅಲ್ಲಿ ಕೂಡುತ್ತಿದ್ದೆ. ದೇವರು ಕ್ಷಮಿಸಲಿ.

ಶ್ರಾವಣದಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದೆ. ನಾಲ್ಕು ಬೆರಳಗಲದ ಹಾಸು, ಎಲ್ಲಾ ಗಂಟು. ನಮ್ಮ ಸಾದಾ ನೇಕಾರ ಗಂಟು, ಸಣ್ಣಗೆ ಬಿಗಿದು ತುದಿ ಕತ್ತರಿಸಿದ್ದು. ಹತ್ತಕ್ಕೆ ಒಂದು ಕಿತ್ತಿತು, ಉಳಿದವು ಹಾದವು. ಖುಷಿಯೋ ಖುಷಿ. ಅದೇ ತುಂಡಿನಲ್ಲಿ ಅವ್ವನಿಗೆ ಎಲೆಅಡಿಕೆ ಸಂಚಿ ಹೊಲಿಸಿ ಕೊಟ್ಟೆ. ಕೈಯಾಡಿಸಿ, "ಸೊಳ್ಳಿ ಕಡಿದಂಗ ಗುಳ್ಳಿ ಗುಳ್ಳಿ ಆಗೇತಲ್ಲೋ" ಅಂದಳು. ಕಣ್ಣು ಮಂದ, ಬೆರಳು ಮಂದ ಅಲ್ಲ. ಆದರೂ ಗಂಟು ಹಾದವಲ್ಲ ಅನ್ನೋ ಸೊಕ್ಕಿನಲ್ಲಿ ಇದ್ದೆ. ಯಾಕೆ ಹಾದವು ಅಂತ ಆಗ ಯೋಚನೆ ಮಾಡಲಿಲ್ಲ. ಎಳೆ ಹಾಯುವ ಹಣಿಗೆ ಅಪ್ಪನ ಕಾಲದ್ದು, ಹಲ್ಲು ಸವೆದು ಬಾಯಿ ಬಿಟ್ಟಿದ್ದವು, ಅದಕ್ಕೆ ಹಾದವು. ಅದೇ ಬಾಯಿ ಬಿಟ್ಟ ಹಲ್ಲಿನಿಂದ ಮಾಲಕರ ಸೀರೆಗೆ ಗೆರೆ ಬೀಳುತ್ತಿತ್ತು, ಸೀರೆಗೆ 50 ರೂಪಾಯಿ ಕೂಲಿ ಮುರಿಯುತ್ತಿದ್ದರು. ಮನೆಯಲ್ಲಿ ಕೂತು ನಾನು ಅದನ್ನು ಬೈದುಕೊಳ್ಳುತ್ತಿದ್ದೆ, ನಮ್ಮಾಕಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ ಕೇಳುತ್ತಿದ್ದಳು.

ಬಣ್ಣದ ಕಥೆಯೂ ಇದೆ. ಏಳು ಸೀರೆಯ ತುಂಡು ಅಂದರೆ ಮೂರ್ನಾಲ್ಕು ತರದ ಕೆಂಪು. ಒಂದು ಇಟ್ಟಂಗಿ, ಒಂದು ಕುಂಕುಮ, ಒಂದು ವೈನ್ ಅಂತಾರಲ್ಲ ಅದು. ಎಲ್ಲಾ ಸೇರಿಸಿ ಒಂದೇ ಹಂಡೆಗೆ ಹಾಕಬೇಕು. ಮೊದಲು ತಲೆ ಕೆಟ್ಟು ದಾಳಿಂಬ್ರ ಸಿಪ್ಪೆ ಕುದಿಸಿದೆ. ಸೆರಗಿನ ಬಣ್ಣಕ್ಕೆ ದಾಳಿಂಬ್ರ ಕೆಂಪು ಅನ್ನುತ್ತಾರಲ್ಲ, ಸಿಪ್ಪೆಯಿಂದಲೇ ಬರಬಹುದು ಅನ್ನೋ ಭ್ರಮೆ. ಸೋಡಿ ಅಂಗಡಿಯಿಂದ ಒಂದು ಚೀಲ ಸಿಪ್ಪೆ ಪುಕ್ಕಟೆ ತಂದು, ಪಟಿಕ ಹಾಕಿ, ಬಿಳಿ ರೇಷ್ಮೆ ತುಂಡು ಅದ್ದಿದರೆ ಅರಿಷಿಣ ಹಳದಿ ಬಂತು. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಬೂದಿ ಕಪ್ಪು. ಕೆಂಪಿನ ಸುಳಿವೇ ಇಲ್ಲ. ಹೆಸರು ಹಣ್ಣು ನೋಡಿ ಇಟ್ಟದ್ದು, ಸಿಪ್ಪೆ ನೋಡಿ ಅಲ್ಲ. ಆ ಹಳದಿ ಮಾತ್ರ ಬಹಳ ಚಂದ ಬಂದಿತ್ತು, ಮಗಳು ಜಡೆಗೆ ಕಟ್ಟಿಕೊಂಡು ಶಾಲೆಗೆ ಹೋದಳು. ಎರಡು ತಿಂಗಳಾದರೂ ಮಾಸಲಿಲ್ಲ. ಇದನ್ನು ಯಾರಾದರೂ ಮುಂದುವರಿಸಬೇಕು. ನನಗೆ ಪುರುಸೊತ್ತಿಲ್ಲ.

ಆ ಮೇಲೆ ಎಲ್ಲರಂತೆ ಪುಡಿಬಣ್ಣ, ಸ್ವಲ್ಪ ವಿನೆಗರ್. ಮೊದಲ ಹಂಡೆ ಹಾಳಾಯಿತು. ಫೋನ್ ಬಂತು, ಮಾತಾಡುತ್ತಾ ಹೊರಗೆ ಹೋದೆ, ಬರೋದರೊಳಗೆ ಕೊತಕೊತ ಕುದ್ದು ತುಂಡೆಲ್ಲ ಸಿಕ್ಕಾಗಿ ಹಕ್ಕಿ ಗೂಡಿನಂತಾಗಿತ್ತು. ಹೊಳಪೂ ಹೋಯಿತು. ಎರಡು ಸೀರೆಯ ತುಂಡು, ಅಂದರೆ ಎರಡು ತಿಂಗಳ ಕೂಡಿಕೆ, ನೀರು ಪಾಲು. ಎರಡನೇ ಸಲ ನೂರು ನೂರು ಎಳೆಯ ಹಿಡಿ ಮಾಡಿ, ಎರಡೂ ತುದಿ ಸಡಿಲಾಗಿ ಕಟ್ಟಿ, ಹಳೇ ಧೋತರದ ಅರಿವೆಯೊಳಗೆ ಸುತ್ತಿ ಇಳಿಸಿದೆ. ನೀರಿಗೆ ಬೆರಳು ತಾಗಿಸಿ ಹಾ ಅನ್ನಬೇಕು, ಗುಳ್ಳೆ ಮಾತ್ರ ಏಳಬಾರದು. ಆವಾಗ ಬಂತು ನೋಡಿ, ಒಂದೇ ಕೆಂಪು. ಒಂದೇ ಅಂದರೆ ತೀರ ಒಂದೇ ಅಲ್ಲ. ಬಿಸಿಲಿಗೆ ಹಿಡಿದರೆ ಒಳಗೊಳಗೆ ಎರಡು ಮೂರು ಛಾಯೆ ಆಡುತ್ತವೆ, ದಾಳಿಂಬ್ರ ಬಿಡಿಸಿದಾಗ ಕಾಳು ಕಾಣುತ್ತವಲ್ಲ ಹಂಗೆ. ಅಂಗಡಿಯ ಸೀರೆಯಲ್ಲಿ ಅದು ಸಿಗೋದಿಲ್ಲ.

ಇನ್ನು ಖಂಡೇ ನವಮಿಯ ಮಾತು.

ನವಮಿ ದಿನ ಮಗ್ಗ ತೊಳೆದು ಪೂಜೆಗೆ ಕೂಡಬೇಕು ಅಂದರೆ ಲಾಳಿ, ಕಂಡಿಕೆ, ರಾಟಿಯ ನಡುವೆ ಹಾಳೆಯಲ್ಲಿ ಸುತ್ತಿದ ಒಂದು ಉದ್ದನೆಯ ಸಾಮಾನು. ಬಿಚ್ಚಿದರೆ ಹೊಸ ಸ್ಟೀಲ್ ಹಣಿಗೆ. ನನ್ನ ನಂಬರಿನದೇ. ಒಂದೊಂದು ಹಲ್ಲೂ ಕೂದಲೆಳೆ ಸಂದಿಯಲ್ಲಿ ಸಾಲಾಗಿ ನಿಂತು ಮಿರಮಿರ ಮಿಂಚುತ್ತಿತ್ತು. ಕುಂಕುಮ ಹಚ್ಚಿದ್ದಳು. "ಇನ್ನ ಮ್ಯಾಲೆ ಐವತ್ತು ಮುರೀಲಿ ನೋಡೂಣು" ಅಂದಳು.

ಬೇರೆ ಯಾರಾದರೂ ಆಗಿದ್ದರೆ ಕುಣಿಯುತ್ತಿದ್ದರು. ನನ್ನ ಎದೆ ಧಸಕ್ ಅಂದಿತು. ಹೊಸ ಹಣಿಗೆಯೊಳಗೆ ಗಂಟು ಹೇಗೆ ಹಾಯಬೇಕು? ನನ್ನ ಮುಖ ನೋಡಿ ಆಕೆಯ ಮುಖ ಸಣ್ಣದಾಯಿತು. "ಯಾಕ್ರೀ, ನಂಬರ್ ತಪ್ಪೈತೇನು?" ಅಂದಳು. ಇಲ್ಲ ಅಂದೆ. "ಮತ್ತ?" ಅಂದಳು. ಏನು ಹೇಳಲಿ. "ರೊಕ್ಕ ಎಲ್ಲಿಂದ ತಂದಿ?" ಅಂದೆ. ಅದನ್ನು ಕೇಳಬಾರದಾಗಿತ್ತು. "ಕೊಂಡಿ ಕೂಲಿ ಕೂಡಿಸಿದ್ದೆ" ಅಂತ ಹೇಳಿ ಒಳಗೆ ಹೋಳಿಗೆ ನೋಡೋಕೆ ಹೋದಳು.

ಮರುದಿನ ದಶಮಿ. ಸಂಜೆ ಬನ್ನಿ ಮುಡಿದು ಬಂದ ಮೇಲೆ ಮನೆಯಲ್ಲಿ ಬನ್ನಿ ಕೊಡೋದು ಇದ್ದೇ ಇದೆ. ನಮ್ಮಾಕಿ ನನ್ನ ಕೈಗೆ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಕಾಲಿಗೆ ಬಗ್ಗಿದಳು. ಬಗ್ಗಿದಾಗ ಸೀರೆ ಒಂದು ಬೆರಳು ಮೇಲೆ ಸರಿಯಿತು. ಕಾಲು ಬರಿದು. ಹದಿನಾರು ವರ್ಷ ಕಾಲ್ಚೈನು ಕೂತ ಜಾಗದಲ್ಲಿ ಚರ್ಮ ಬೇರೆ ಬಣ್ಣ, ಬಿಳಿ ಗೀರು, ಹಿಂದಿನ ಎಲುಬಿನ ಮೇಲೆ ಒಂದು ಕಪ್ಪು ಜಡ್ಡು. ಅವಳ ತವರಿನವರು ಹಾಕಿದ ಐದು ತೊಲೆ ಬೆಳ್ಳಿ. "ಯಾವಾಗ?" ಅಂದೆ. "ಎಂಟ್ ದಿನ ಆತು. ಲಾಳಿ ಸಪ್ಪಳದಾಗ ಕಿವಿ ಕಿವುಡ ಆಗ್ಯಾವ ನಿಮಗ" ಅಂದಳು. ಎಂಟು ದಿನ ಮನೆಯಲ್ಲಿ ಗೆಜ್ಜೆ ಸಪ್ಪಳವಿಲ್ಲ ಅನ್ನೋದು ನನಗೆ ತಿಳಿದಿರಲಿಲ್ಲ. ಬೆಳ್ಳಿಯವನು ಅದು ಕಳೆದು ಇದು ಕಳೆದು ಎರಡೂವರೆ ಸಾವಿರ ಕೊಟ್ಟನಂತೆ. ಹಣಿಗೆಗೆ ಹದಿನಾಲ್ಕು ನೂರೋ ಹದಿನೈದು ನೂರೋ. ಉಳಿದದ್ದು ಹುಡುಗನ ಶಾಲೆಗೆ ಕಟ್ಟಿದ್ದಳು, ಪಾವತಿ ತೋರಿಸಿದಳು.

ಇಷ್ಟಾದ ಮೇಲೆ ಹಳೇ ಹಣಿಗೆ ಹಾಕುವ ಮಾತೇ ಇಲ್ಲ. ಹಾಕಿದರೆ ಆಕೆ ಏನೆಂದುಕೊಳ್ಳಬೇಕು? ಏಕಾದಶಿ ದಿನವೇ ಹೊಸದು ಏರಿಸಿದೆ. ಮಾಲಕರ ಸೀರೆ ಕನ್ನಡಿಯಂತೆ ಇಳಿಯಿತು, ಐವತ್ತು ಉಳಿಯಿತು. ನನ್ನ ಗಂಟಿನ ಹಾಸನ್ನು ಪರೀಕ್ಷೆಗೆ ಒಂದು ಬೆರಳಗಲ ಹಾಕಿ ನೋಡಿದೆ. ಹಣಿಗೆ ಕೂತ ಹಲಗೆಯನ್ನು ಮೂರು ಸಲ ಹೊಡೆಯೋದರೊಳಗೆ ಅರ್ಧಕ್ಕರ್ಧ ಎಳೆ ಪಟಪಟ ಕಿತ್ತು ನಿಂತವು. ಆರು ನೂರೋ ಏಳು ನೂರೋ ಗಂಟು ಹಾಕಿ ಇಟ್ಟಿದ್ದೆ, ಅಷ್ಟೂ ದಂಡ. ಗೆಳೆಯನ ಮನೆಯಲ್ಲಿ ಒಬ್ಬನೇ ಕೂತು ಒಂದು ಗುಟ್ಕಾ ಬಾಯಿಗೆ ಹಾಕಿಕೊಂಡೆ. ಅದೇ ಕಡೆಯದು.

ಗುಟ್ಕಾದ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮಪ್ಪ ಬೀಡಿಯನ್ನು ಮಹಾಂತ ಜೋಳಿಗೆಗೆ ಹಾಕಿದವನು. ನಮ್ಮೂರ ಮಠದ ಮಹಾಂತ ಅಪ್ಪಗಳು ಮಂದಿಯ ಚಟಗಳನ್ನೇ ಭಿಕ್ಷೆ ಬೇಡುತ್ತಿದ್ದ ಜೋಳಿಗೆ ಅದು. ಅಪ್ಪಗಳು ಜೋಳಿಗೆ ಹಿಡಿದು ಮನೆ ಮುಂದೆ ಬಂದು ನಿಂತಾಗ ಕಟ್ಟುಗಟ್ಟಲೆ ಬೀಡಿ ಹಾಕಿ ಮತ್ತೆ ಮುಟ್ಟಲಿಲ್ಲ ಅಂತ ಓಣಿಯಲ್ಲಿ ಹೇಳುತ್ತಾರೆ. ಅಪ್ಪಗಳು ಲಿಂಗೈಕ್ಯರಾದರು. ನಾನು ಮಠದ ಮುಂದೆ ನಿಂತು ಮನಸ್ಸಿನಲ್ಲೇ ಹಾಕಿದೆ. ದಿನಕ್ಕೆ 20 ರೂಪಾಯಿ. ಮನೆಗೆ ತಂದರೆ ತಂಬಿಗೆ ನೀರಾಗುತ್ತದೆ ಅಂತ ಚಹಾ ಅಂಗಡಿಯವನ ಕೈಯಲ್ಲಿ ಕೊಡುತ್ತಾ ಹೋದೆ. ಎರಡು ತಿಂಗಳಿಗೆ ಸಾವಿರದ ಎರಡು ನೂರು. ಸೀರೆಯ ಉಳಿದ ಖರ್ಚೆಲ್ಲ ಅದರಲ್ಲೇ ಆಯಿತು: ಒಡಲಿಗೆ ಕರೀ ಹತ್ತಿ ನೂಲು ನಾನೂರ ಚಿಲ್ಲರೆ, ದಡಿಗೆ 80 ಗ್ರಾಂ ರೇಷ್ಮೆ ಒಬ್ಬ ನೇಕಾರ ಗೆಳೆಯ ತನ್ನ ಪಾಲಿನಿಂದ ಅಸಲಿಗೆ ಕೊಟ್ಟ, ನಾನೂರರ ಒಳಗೆ. ದಡಿಗೆ ತುಂಡೆಳೆ ನಡೆಯೋದಿಲ್ಲ, ಸೀರೆ ಉದ್ದಕ್ಕೂ ಓಡಬೇಕು. ಬಣ್ಣಕ್ಕೆ ತೊಂಬತ್ತು. ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಒಂದು, ನೂರ ನಲವತ್ತು. ಇಳಕಲ್ ಸೀರೆ ಕೊಟ್ಟು ಖಣ ಕೊಡದಿದ್ದರೆ ಊಟ ಬಡಿಸಿ ನೀರು ಇಡದಂತೆ.

ಗಂಟು ಬಿಟ್ಟ ಮೇಲೆ ಉಳಿದದ್ದು ಕೆಚ್ಚು. ಎರಡೂ ತುದಿ ಹೊಸೆದು ಬಿಡೋದು. ದಪ್ಪ ಆಗೋದಿಲ್ಲ, ಹೊಸ ಹಣಿಗೆಯಲ್ಲೂ ಬೆಣ್ಣೆಯಂತೆ ಹಾಯುತ್ತದೆ. ಆದರೆ ಎಳೆತ ಬಿದ್ದರೆ ರೇಷ್ಮೆ ರೇಷ್ಮೆಯಿಂದ ಜಾರುತ್ತದೆ. ಬೂದಿ ಹಚ್ಚಿ ಹೊಸೆದರೆ ಎಳೆದುಕೊಂಡು ಬರುವಷ್ಟು ಹೊತ್ತು ಹಿಡಿಯುತ್ತದೆ, ಹಲಗೆ ಹೊಡೆದರೆ ಬಿಡುತ್ತದೆ. ಮೈದಾ ಗಂಜಿ ಒಣಗಿದ ಮೇಲೆ ಕಡ್ಡಿಯಾಗಿ ಮುರಿಯಿತು. ಅಂಟಿನ ಗೋಂದು ಹಚ್ಚಿದೆ, ಮಗ್ಗದಲ್ಲಿ ಎಳೆ ಹಾಯುವ ದಾರದ ಕಣ್ಣಿಗೆ ಮೆತ್ತಿಕೊಂಡು ಅದನ್ನು ಬಿಡಿಸೋದೇ ಒಂದು ದಿನದ ಕೆಲಸ. ಕಡೆಗೆ ನಿಂತದ್ದು ಹುಣಸೆ ಬೀಜ ಹುರಿದು ಬೀಸಿದ ಹಿಟ್ಟಿನ ಗಂಜಿ. ಅದರೊಳಗೆ ಇನ್ನೊಂದು ಸಾಮಾನು ಬೀಳುತ್ತದೆ, ಎಲ್ಲರ ಅಡುಗೆಮನೆಯಲ್ಲಿ ಇರುವಂಥದ್ದೇ. ಅದನ್ನು ಬರೆಯೋದಿಲ್ಲ. ಹೊಸೆಯುವ ದಿಕ್ಕಿನಲ್ಲೂ ಒಂದು ಮರ್ಮ ಇದೆ, ಅದು ಮನೆಗೆ ಬಂದವರಿಗೆ ತೋರಿಸುತ್ತೇನೆ, ಚಹಾ ಅವರದು.

ಉಳಿದದ್ದು ಬಿಚ್ಚಿ ಹೇಳುತ್ತೇನೆ. ಎರಡು ತುದಿ ಒಂದರ ಮೇಲೊಂದು ನಾಲ್ಕು ಬೆರಳಾದರೂ ಬರಬೇಕು. ನಾನು ಮೊದಲು ಎರಡು ಬೆರಳು ಇಟ್ಟು ಕೆಟ್ಟೆ. ಎಲ್ಲಾ ಜೋಡಣೆಯನ್ನು ಒಂದೇ ಸಾಲಿಗೆ ತಂದರೆ ಸೆರಗಿನ ಅಡ್ಡಕ್ಕೆ ಬೆನ್ನೆಲುಬು ಎದ್ದಂತೆ ಕಾಣುತ್ತದೆ, ಅದೂ ಆಯಿತು, ಬಿಚ್ಚಿದೆ. ಒಂದು ಎಳೆ ಮೇಲೆ, ಮುಂದಿನದು ಕೆಳಗೆ, ಹೀಗೆ ಚೆದುರಿಸಬೇಕು. ಚೆದುರಿಸಿದರೂ ನಡುವಿನ ಕೆಂಪು ಪಟ್ಟಿಯ ಗಡಿ ದಾಟಬಾರದು. ಬಿಳಿ ಪಟ್ಟಿಯಲ್ಲಿ ಹಣಿಗೆ, ಕೋಟೆಕೊಮ್ಮೆ, ತೆನೆಯ ಚಿತ್ತಾರ ಬರುತ್ತವಲ್ಲ, ಅಲ್ಲಿ ಕೂದಲಷ್ಟು ದಪ್ಪವಾದರೂ ಕಣ್ಣಿಗೆ ಹೊಡೆಯುತ್ತದೆ. ಕೆಂಪು ಎಲ್ಲಾ ನುಂಗುತ್ತದೆ.

ರಾತ್ರಿಗೆ ನೂರು, ಕೈ ಕೂತ ಮೇಲೆ ನೂರೈವತ್ತು. ಇಪ್ಪತ್ತು ರಾತ್ರಿಗೆ ಮೇಲೇ ಹಿಡಿಯಿತು. ನಮ್ಮ ದೇವರ ದಾಸಿಮಯ್ಯನವರು ಹನ್ನೆರಡು ವರ್ಷ ಕೂತು ಒಂದು ದಿವ್ಯಾಂಬರ ನೇಯ್ದರು, ಕೊಂಡೊಯ್ದ ಜಂಗಮ ಕಣ್ಣ ಮುಂದೆಯೇ ಹರಿದು ಹಾಕಿದ ಅಂತ ಕಥೆ ಇದೆಯಲ್ಲ. ಅವರು ಸಿಟ್ಟಾಗಲಿಲ್ಲ, ಎಂದೂ ಬತ್ತದ ತವನಿಧಿ ಸಿಕ್ಕಿತು. ಆ ಹರಿದ ಅರಿವೆ ನೋಡಿ ಅವರ ಹೆಂಡತಿ ದುಗ್ಗಳೆ ಏನಂದಳು ಅಂತ ನಾನು ಆ ರಾತ್ರಿಗಳಲ್ಲಿ ಬಹಳ ಯೋಚಿಸಿದೆ. ಹನ್ನೆರಡು ವರ್ಷ ಕಂಡಿಕೆ ಸುತ್ತಿದವಳು ಆಕೆಯೇ ಇರಬೇಕಲ್ಲ.

ಕೊಂಡಿ ಹಾಕೋದಕ್ಕೆ ಬಂದಾಗ ಸಿಕ್ಕಿಬಿದ್ದೆ. ನನ್ನ ಬೆರಳಿಗೆ ಕೊಂಡಿ ಬರೋದಿಲ್ಲ. ಓಣಿಯಲ್ಲಿ ಬೇರೆಯವರ ಹತ್ತಿರ ಹಾಕಿಸಿದರೆ ಸಂಜೆಯೊಳಗೆ ನಮ್ಮಾಕಿಗೆ ಸುದ್ದಿ ಮುಟ್ಟುತ್ತದೆ. ಕಡೆಗೆ ಆಕೆಯ ಮುಂದೆಯೇ ತಂದು ಇಟ್ಟೆ. "ಹುಬ್ಬಳ್ಳಿ ಗಿರಾಕಿದು, ಕೊಂಡಿ ಹಾಕು" ಅಂದೆ. ಸೆರಗಿನ ಹಾಸು ಬಿಚ್ಚಿ ಬೆಳಕಿಗೆ ಹಿಡಿದಳು. ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೇಲಿಂದ ಕೆಳಗೆ ಜಾರಿಸಿದಳು. ಬೆರಳು ನಡುವೆ ಒಂದು ಕಡೆ ನಿಂತಿತು. ಮುಂದಿನ ಎಳೆ. ಅಲ್ಲೂ ನಿಂತಿತು, ನಾಲ್ಕು ಬೆರಳು ಕೆಳಗೆ. ನನ್ನ ಕಡೆ ನೋಡಲಿಲ್ಲ. "ಹೊರಗಿನ ಗಿರಾಕಿ ಅಂದ್ರ ಹೊರಗಿನ ಕೂಲಿ. ನೂರಾ ಇಪ್ಪತ್ತು" ಅಂದಳು. ಆಗಲಿ ಅಂದೆ. "ಮೊದಲ ಕೊಡ್ರಿ" ಅಂದಳು. ಚಹಾ ಅಂಗಡಿಗೆ ಹೋಗಿ ಗುಟ್ಕಾ ದುಡ್ಡಿನಲ್ಲಿ ತಂದುಕೊಟ್ಟೆ. ಸೆರಗಿನ ಗಂಟಿಗೆ ಕಟ್ಟಿಕೊಂಡಳು.

ಎರಡು ದಿನ ಕೂತು ಕೊಂಡಿ ಹಾಕಿದಳು. ನಡುವೆ ಒಮ್ಮೆ, "ಗಿರಾಕಿ ಭಾಳ ಬಡವ ಕಾಣತಾನ" ಅಂದಳು. ನಾನು ಕೆಮ್ಮಿದೆ.

ನೇಯ್ದದ್ದು ಮಾರ್ಗಶಿರದಲ್ಲಿ. ಚೈತ್ರದ ಒಣ ಬಿಸಿಲಿಗೆ ಇದನ್ನು ಮಾಡಲು ಹೋಗಬೇಡಿ, ಹೊಸೆದದ್ದು ಹುರಿಗಾಳಿನಂತೆ ಸಿಡಿಯುತ್ತದೆ. ಬೆಳಗಿನ ನಾಲ್ಕಕ್ಕೆ ಎದ್ದು, ಕುಣಿಯೊಳಗೆ ಹಸಿ ಉಸುಕು ಹಾಕಿ, ಎಳೆತ ಎಷ್ಟು ಸಡಿಲ ಬಿಡಬಹುದೋ ಅಷ್ಟು ಬಿಟ್ಟು, ಹಲಗೆಯನ್ನು ಮಗುವಿನ ಬೆನ್ನು ತಟ್ಟಿದಂತೆ ತಟ್ಟುತ್ತಾ ಹೋಗಬೇಕು. ಒಡಲು ಎರಡೂವರೆ ದಿನ, ಸೆರಗೊಂದಕ್ಕೇ ಎರಡು ದಿನ. ಎಷ್ಟು ಕಿತ್ತವು ಅಂತ ಕೇಳುತ್ತೀರಿ. ಎರಡು ಸಾವಿರದ ನಾನೂರರಲ್ಲಿ ನಲವತ್ತು, ಹೆಚ್ಚೆಂದರೆ ಐವತ್ತು. ಮಾಲಕರ ಹೊಸ ನೂಲಿನಲ್ಲೂ ಅಷ್ಟು ಕೀಳುತ್ತವೆ.

ಸೀರೆ ಇಳಿಸಿ ನೇರ ಮಾಲಕರ ಹತ್ತಿರ ಒಯ್ದೆ. ಸೊಕ್ಕು ಅನ್ನಿ, ಏನಾದರೂ ಅನ್ನಿ. ಭೂತಗನ್ನಡಿ ಹಿಡಿದು, ಸೆರಗನ್ನು ಗಾಜಿನ ಮೇಜಿನ ಮೇಲೆ ಹಾಕಿ, ಕೆಳಗೆ ದೀಪ ಹಚ್ಚಿ ನೋಡಿದರು. ಮೂರು ಜೋಡಣೆ ತೋರಿಸಿದರು. ಅದರಲ್ಲಿ ಒಂದು ಜೋಡಣೆಯೇ ಅಲ್ಲ, ನೂಲಿನ ಸಹಜ ದಪ್ಪ. ಆಮೇಲೆ ಕನ್ನಡಕ ತೆಗೆದು, "ನಾಲ್ಕ ಸಾವಿರ ಕೊಡತೇನಿ, ಇಟ್ಟ ಹೋಗು" ಅಂದರು. ಅಂಗಡಿಯಲ್ಲಿ ಐದಕ್ಕೆ ಹೋಗುವ ಮಾಲು, ನನಗೆ ಗೊತ್ತು. ಆದರೂ ನಾಲ್ಕು ಸಾವಿರ ಅಂದರೆ ನನಗೆ ಆರು ಸೀರೆಯ ಕೂಲಿ.

ಮನೆಗೆ ಬರೋದರೊಳಗೆ ಆ ಸುದ್ದಿ ನನಗಿಂತ ಮೊದಲು ಬಂದು ಕೂತಿತ್ತು. ನಮ್ಮಾಕಿ ಹೊಸ್ತಿಲಲ್ಲೇ ಹಿಡಿದಳು. "ಕೊಟ್ಟು ಬರ್ರಿ. ಮಗ್ಗದ ಮ್ಯಾಲಿನ ಸಾಲಾ ತೀರತೈತಿ. ನನಗ ಚಮಕಾ ಏನ್ ಕಚ್ಚತೈತೇನು?" ಅಂದಳು. ಹುಬ್ಬಳ್ಳಿ ಗಿರಾಕಿಯ ಮಾತು ಇಬ್ಬರೂ ಎತ್ತಲಿಲ್ಲ. ನಾನು ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅಂದೆ: "ಬನಶಂಕರಿಗಿ ಹರಕಿ ಹೊತ್ತೇನಿ, ನೀ ಇದನ್ನ ಉಟ್ಕೊಂಡು ತೇರಿಗೆ ಬರ್ತಿ ಅಂತ." ನೇಕಾರರ ಮನೆಯ ದೇವಿ. ಹರಕೆ ಅಂದ ಮೇಲೆ ಮಾತಿಲ್ಲ. ಒಂದು ನಿಮಿಷ ನನ್ನ ಮುಖ ನೋಡಿದಳು. ಸುಳ್ಳು ಅಂತ ಆಕೆಗೆ ಗೊತ್ತಿತ್ತು, ಆದರೆ ಹೇಳಿದ ಮೇಲೆ ಅದು ಹರಕೆಯೇ ಆಯಿತು. "ಹಂಗಾರ ಖಣಾ ಎಲ್ಲೈತಿ?" ಅಂದಳು. ಗೋಡೆಗೂಡಿನಿಂದ ತೆಗೆದುಕೊಟ್ಟೆ.

ಹುಣ್ಣಿಮೆ ದಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ನಾನು ಜೇಬಿಗೆ ಕೈ ಹಾಕಿದೆ. ಆಕೆ ಸೆರಗಿನ ಗಂಟು ಬಿಚ್ಚಿ ಅದೇ ನೂರ ಇಪ್ಪತ್ತು ತೆಗೆದಳು. "ನನ್ನ ಸೀರಿಗಿ ನನಗ ಕೂಲಿ ಕೊಟ್ಟೀರಿ, ಟಿಕೀಟಿಗೆ ಆಗತೈತಿ" ಅಂದಳು. ಪೂರ್ತಿ ಸಾಕಾಗಲಿಲ್ಲ, ಉಳಿದದ್ದು ನಾನು ಕೊಟ್ಟೆ. ಅಮೀನಗಡದಲ್ಲಿ ಇಳಿದು ಕಾಲು ಕಿಲೋ ಕರದಂಟು ತಗೊಂಡೆವು. ಚೊಳಚಗುಡ್ಡದಲ್ಲಿ ಹರಿದ್ರಾತೀರ್ಥದ ಕಟ್ಟೆ ಮೇಲೆ ಕೂತು, ಬುಟ್ಟಿಯವಳ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಮೊಸರು ತಗೊಂಡು ಉಂಡೆವು. ಚಟ್ನಿ ಬೀಳುತ್ತದೆ ಅಂತ ಸೆರಗನ್ನು ಹಿಂದಕ್ಕೆ ಸರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಪಕ್ಕದಲ್ಲಿ ಕೂತ ಯಾರೋ ಒಬ್ಬ ಹೆಂಗಸು ಸೆರಗಿನ ತುದಿ ಮುಟ್ಟಿ ನೋಡಿ, "ಎಷ್ಟಕ್ಕ ತಗೊಂಡ್ರಿ ಯವ್ವಾ?" ಅಂದಳು. ನಮ್ಮಾಕಿ ರೊಟ್ಟಿ ಮುರಿಯುತ್ತಾ, "ತಗೊಂಡಿದ್ದಲ್ಲ, ಮನ್ಯಾಗ ಬಿದ್ದಿತ್ತು" ಅಂದಳು.

ಮುಚ್ಚಿಡೋದಿಲ್ಲ, ಯುಗಾದಿಗೆ ಮೊದಲ ನೀರು ಬಿದ್ದಾಗ ಒಂದು ಕಡೆ ಜೋಡಣೆ ಜಾರಿ ಅಕ್ಕಿಕಾಳಿನಷ್ಟು ಸೀಳು ಬಿಟ್ಟಿತು. ನಾನು ರಫೂ ಮಾಡೋಕೆ ಹೊರಟಿದ್ದೆ. ನಮ್ಮಾಕಿ ಬಿಡಲಿಲ್ಲ. ಅದರ ಮೇಲೆ ಬಿಳಿ ದಾರದಲ್ಲಿ ಗವಂತಿ ಹಾಕಿ ಒಂದು ಸಣ್ಣ ತುಳಸಿಕಟ್ಟೆ ಕಸೂತಿ ತೆಗೆದಳು. ಒಂದೇ ಇದ್ದರೆ ಸಂಶಯ ಬರುತ್ತದೆ ಅಂತ ಸಾಲಾಗಿ ಇನ್ನೂ ಆರು ತೆಗೆದಳು. ಈಗ ಮಾಲಕರು ಅದಕ್ಕೆ ಆರು ಸಾವಿರ ಅನ್ನುತ್ತಾರೆ.

ಮಾಲಕರ ಇನ್ನೊಂದು ಮಾತು. ಹೋದ ವಾರದಿಂದ ರೇಷ್ಮೆ ಸೆರಗಿನ ತುಂಡೆಳೆಯನ್ನು ತೂಕ ಮಾಡಿ ವಾಪಸು ಕೊಡಬೇಕು ಅಂತ ಹೊಸ ಕಾನೂನು ಮಾಡಿದ್ದಾರೆ. ಹಂಗಾಗಿ ಯಾರು ಇದನ್ನು ಮಾಡುವವರಿದ್ದೀರೋ ಈಗಲೇ ಕೂಡಿಸಿಕೊಳ್ಳಿ. ನನಗೆ ಇನ್ನು ಅದರ ಕೆಲಸವಿಲ್ಲ. ನನಗೀಗ ಬೇಕಾಗಿರೋದು ಐದು ತೊಲೆ ಬೆಳ್ಳಿ, ಬೆಳ್ಳಿಯ ತುಂಡೆಳೆ ಯಾವ ಮಗ್ಗದ ಕೆಳಗೂ ಬೀಳೋದಿಲ್ಲ. ಅದಕ್ಕೂ ಒಂದು ದಾರಿ ಹಿಡಿದಿದ್ದೇನೆ, ನಾಲ್ಕು ತಿಂಗಳಾಯಿತು. ಏನು ಅಂತ ಇಲ್ಲಿ ಬರೆಯೋಹಂಗಿಲ್ಲ, ಮಗಳು ಇದನ್ನು ಅವರವ್ವನಿಗೆ ಓದಿ ಹೇಳುತ್ತಾಳೆ.